ಲೆಕ್ಕ ಬಿಡಿಸುತ್ತ ಒಬ್ಬರಿಗೊಬ್ಬರು ಕಲಿಸುವ ಶಿಕ್ಷಕ ತರಬೇತಿ: ಚಾಮರಾಜನಗರ, ಗುಂಡ್ಲುಪೇಟೆ

ಗಣಿತ ಶಿಕ್ಷಕರೇ ಒಂದು ಲೆಕ್ಕ ಎತ್ತಿಕೊಂಡು, ಗುಂಪಿನಲ್ಲಿ ಕೂತು ಬಿಡಿಸಿ, ಬಿಡಿಸಿದ ದಾರಿಯನ್ನು ಹಲಗೆಯ ಮುಂದೆ ನಿಂತು ಜೊತೆಯ ಶಿಕ್ಷಕರಿಗೆ ವಿವರಿಸುವ ತರಬೇತಿ ಕ್ರಮ. ಕೇಳುವವರು ಪ್ರಶ್ನೆ ಹಾಕುತ್ತಾರೆ, ತಪ್ಪು ಕಂಡರೆ ಎತ್ತಿ ತೋರಿಸುತ್ತಾರೆ, ಬೇರೆ ದಾರಿ ಗೊತ್ತಿದ್ದವರು ಎದ್ದುಬಂದು ಅದನ್ನೂ ಬರೆಯುತ್ತಾರೆ. ಕಲಿಸುವವರೂ ಕಲಿಯುವವರೂ ಒಂದೇ ಕೆಲಸದವರಾದ್ದರಿಂದ ಇದನ್ನು ಸಹಬೋಧನೆ ಎನ್ನಬಹುದು. ಪುಸ್ತಕದ ಪಾಠವನ್ನು ಸರದಿಯಂತೆ ಒಬ್ಬೊಬ್ಬರು ಒಪ್ಪಿಸುವುದು ಇದರಲ್ಲಿ ಸೇರುವುದಿಲ್ಲ. ನೆರೆದವರಿಗೆ ಉತ್ತರ ಮೊದಲೇ ಗೊತ್ತಿರದ ಲೆಕ್ಕ ಇರಬೇಕು. ಈ ಕ್ರಮದ ಜೀವ ಅದರಲ್ಲೇ ಇದೆ.

ಇಂಥ ಕ್ರಮದ ಅಗತ್ಯ ಎದ್ದು ಕಾಣುವ ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು ಇದರ ತಾಲ್ಲೂಕುಗಳು. ಗುಂಡ್ಲುಪೇಟೆಯ ತೆಂಕಣಕ್ಕೆ ಬಂಡೀಪುರದ ಕಾಡು, ಕಾಡಿನಾಚೆ ಕೇರಳದ ವಯನಾಡು ಮತ್ತು ತಮಿಳುನಾಡಿನ ನೀಲಗಿರಿ. ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಊಟಿಯತ್ತ, ಇನ್ನೊಂದು ಕಲ್ಲಿಕೋಟೆಯತ್ತ ಹೋಗುತ್ತದೆ. ಕಾಡಂಚಿನ ಊರುಗಳಲ್ಲಿ, ಗಿರಿಜನರ ಹಾಡಿಗಳ ಪಕ್ಕದಲ್ಲಿ ಒಬ್ಬಿಬ್ಬರು ಮೇಷ್ಟ್ರು ಇರುವ ಸಣ್ಣ ಶಾಲೆಗಳಿವೆ. ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಗಣಿತಕ್ಕೆ ಇರುವುದು ಒಬ್ಬರೇ ಪಿ.ಸಿ.ಎಂ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು. ಭೌತಶಾಸ್ತ್ರವೂ ಅವರ ತಲೆಗೇ. ಒಂದು ಲೆಕ್ಕದಲ್ಲಿ ಅನುಮಾನ ಬಂದರೆ ಸ್ಟಾಫ್ ರೂಮಿನಲ್ಲಿ ಕೇಳಲು ಇನ್ನೊಬ್ಬರಿಲ್ಲ. ಇಂಥ ಕಡೆ ತಾಲ್ಲೂಕಿನ ಗಣಿತ ಶಿಕ್ಷಕರೆಲ್ಲ ಒಂದು ಕೋಣೆಯಲ್ಲಿ ಕೂಡುವ ದಿನಕ್ಕೆ ಬೇರೆಡೆಗಿಂತ ಬೆಲೆ ಹೆಚ್ಚು. ಆ ದಿನವೂ ಉಪನ್ಯಾಸದಲ್ಲಿ ಕಳೆದುಹೋದರೆ ನಷ್ಟವೂ ಅಷ್ಟೇ ದೊಡ್ಡದು.

ಹಳೆಯ ಬೇರು

ಜೊತೆಯವರಿಗೆ ಕಲಿಸುತ್ತ ತಾನೂ ಕಲಿಯುವುದು ಕನ್ನಡ ಸೀಮೆಗೆ ಹೊಸದೇನಲ್ಲ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ತನ್ನ ಜಿಲ್ಲೆಯ 533 ದೇಶೀ ಶಾಲೆಗಳ ವಿಚಾರ ಬರೆದಿದ್ದಾನೆ. ಅವುಗಳಲ್ಲಿ ಹೆಚ್ಚಿನವು ಕನ್ನಡ ಮತ್ತು ತೆಲುಗು ಶಾಲೆಗಳು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದು, ಮುಂದೆ ಹೋದ ಹುಡುಗರು ಹಿಂದಿನವರಿಗೆ ಹೇಳಿಕೊಟ್ಟು ಅದರಿಂದಲೇ ತಮ್ಮ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದುದು ಅವನಿಗೆ ಮೆಚ್ಚುಗೆಯಾಗಿತ್ತು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯೇ ಎಂಬುದು ಅವನ ಅಭಿಪ್ರಾಯ. ಅನುಕರಿಸಿದಾತ ಆಂಡ್ರ್ಯೂ ಬೆಲ್. ಮದರಾಸಿನ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಕನಾಗಿದ್ದಾಗ ಮಲಬಾರಿನ ರೀತಿಯ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದ ಮಕ್ಕಳಿಗೆ ಕಲಿಸುವ ಪದ್ಧತಿ ರೂಪಿಸಿ 1797ರಲ್ಲಿ ಪುಸ್ತಕ ಪ್ರಕಟಿಸಿದ. ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಬೆಲ್ ಮತ್ತು ಅವನ ಪ್ರತಿಸ್ಪರ್ಧಿ ಲ್ಯಾಂಕಾಸ್ಟರ್ ಇಬ್ಬರಿಗೂ ಇದರಲ್ಲಿ ಕಂಡ ದೊಡ್ಡ ಲಾಭ ಖರ್ಚಿನ ಉಳಿತಾಯ, ಅಂದರೆ ಒಬ್ಬ ಮೇಷ್ಟ್ರಿಗೆ ನೂರಾರು ಹುಡುಗರು. ಹೇಳಿಕೊಡುವವನ ತಿಳಿವು ಗಟ್ಟಿಯಾಗುತ್ತದೆಂಬ ಮಾತನ್ನು ಒತ್ತಿ ಹೇಳಿದ್ದು ಬಳ್ಳಾರಿಯ ವರದಿ. ಶಿಕ್ಷಕ ತರಬೇತಿಗೆ ಬೇಕಾಗಿರುವುದು ಈ ಎರಡನೆಯ ಮಾತೇ.

ಲೆಕ್ಕದ ಮೂಲಕ ಗಣಿತ ಹೇಳುವ ಪರಂಪರೆ ಇನ್ನೂ ಹಳೆಯದು. ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ', ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಬರೆದ ರಾಜಾದಿತ್ಯನ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಸೂತ್ರದ ಜೊತೆಗೆ ಉದಾಹರಣೆಯ ಲೆಕ್ಕಗಳನ್ನು ಇಟ್ಟು ನಡೆಯುವ ಗ್ರಂಥಗಳು. ಹೊಲ, ಧಾನ್ಯ, ಬಡ್ಡಿ, ಬೆಲೆ ಅವುಗಳ ಸಾಮಗ್ರಿ.

ತರಬೇತಿಯ ಏಣಿ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದರಂತೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಬಂತು. ಮುಂದೆ ತಾಲ್ಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.), ಹತ್ತಾರು ಶಾಲೆಗಳ ಗುಂಪಿಗೆ ಸಮೂಹ ಸಂಪನ್ಮೂಲ ಕೇಂದ್ರ (ಸಿ.ಆರ್.ಸಿ.) ಸೇರಿಕೊಂಡವು. ಚಾಮರಾಜನಗರದಲ್ಲಿ ಡಯಟ್, ಗುಂಡ್ಲುಪೇಟೆಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಬೇಗೂರು, ತೆರಕಣಾಂಬಿ, ಹಂಗಳದಂಥ ಹೋಬಳಿಗಳ ಶಾಲೆಗಳು. ತರಬೇತಿ ಈ ಏಣಿಯ ಮೇಲಿಂದ ಇಳಿಯುತ್ತದೆ. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಲ್ಲಿ (ಡಿ.ಎಸ್.ಇ.ಆರ್.ಟಿ.) ಮಾಡ್ಯೂಲ್ ತಯಾರಾಗಿ, ರಾಜ್ಯ ಮಟ್ಟದ ಸಂಪನ್ಮೂಲ ವ್ಯಕ್ತಿಗಳಿಗೆ ಅದರ ತರಬೇತಿಯಾಗಿ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳುತ್ತಾರೆ. ಮೂರನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಐದು ದಿನದ ಸರಕು ಎರಡು ದಿನಕ್ಕೆ ಕುಗ್ಗಿರುತ್ತದೆ. ಚಟುವಟಿಕೆ ಹೋಗಿ ಅದರ ವಿವರಣೆ ಉಳಿದಿರುತ್ತದೆ. ಓ.ಓ.ಡಿ. (ಅನ್ಯಕಾರ್ಯ) ಮೇಲೆ ಬಂದ ಶಿಕ್ಷಕರು ಹಾಜರಿ ಹಾಕಿ, ಮಧ್ಯಾಹ್ನದ ಊಟ ಮುಗಿಸಿ, ಪ್ರಮಾಣಪತ್ರಕ್ಕೆ ಕಾಯುವ ದೃಶ್ಯ ರಾಜ್ಯದ ಯಾವ ತಾಲ್ಲೂಕಿಗೂ ಅಪರಿಚಿತವಲ್ಲ. ದೋಷ ಕಾಯುವವರದ್ದಲ್ಲ. ಅವರ ಕೈಗೆ ಮಾಡಲು ಏನೂ ಕೊಟ್ಟಿರುವುದಿಲ್ಲ.

ಮೇಲಿಂದ ಇಳಿಸುವ ಈ ಕ್ರಮದ ತುತ್ತತುದಿಯ ಪ್ರಯೋಗಕ್ಕೂ ಇದೇ ಜಿಲ್ಲೆ ನೆಲೆಯಾಯಿತೆಂಬುದು ಗಮನಿಸಬೇಕಾದ ಸಂಗತಿ. ಶಿಕ್ಷಣಕ್ಕೆಂದೇ ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಪ್ರಾಥಮಿಕ ಶಾಲೆಗಳಿಗೆ ಬಳಸುವ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಚಾಮರಾಜನಗರ. ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳಿಗೆ ಡಿಶ್, ಟಿ.ವಿ. ಬಂದವು. ಬೆಂಗಳೂರಿನಿಂದ ಬಿತ್ತರಿಸಿದ ಪಾಠ ಬಿಳಿಗಿರಿರಂಗನ ಬೆಟ್ಟದ ಶಾಲೆಯನ್ನೂ ತಲುಪಬಹುದೆಂಬುದು ಆ ಕಾಲದ ಉತ್ಸಾಹ. ಶಾಲೆಗಳಲ್ಲಿದ್ದದ್ದು ಬಂದದ್ದನ್ನು ತೋರಿಸುವ ಉಪಕರಣ ಮಾತ್ರ. ಲೆಕ್ಕದ ಮೂರನೆಯ ಸಾಲಿನಲ್ಲಿ ಮಗು ಎಡವಿದರೆ ಟಿ.ವಿ. ನಿಲ್ಲುವುದಿಲ್ಲ, ಹಿಂದಕ್ಕೆ ಬರುವುದೂ ಇಲ್ಲ. ವಿಜ್ಞಾನದ ಚಿತ್ರ ತೋರಿಸಲು ಒದಗುತ್ತಿದ್ದ ಆ ವ್ಯವಸ್ಥೆ ಗಣಿತಕ್ಕೆ ಅಷ್ಟಾಗಿ ಒದಗುವಂಥದ್ದಾಗಿರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆ ಕಾಡಿನ ಆಚೆ ಮಗ್ಗುಲಲ್ಲೇ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರ ಸುಮಾರಿಗೆ ಶುರುವಾದ 'ನಲಿ ಕಲಿ'ಯ ಕಾರ್ಡು, ಮೆಟ್ಟಿಲು, ಚಟುವಟಿಕೆಗಳನ್ನು ರೂಪಿಸಿದ್ದು ಆ ತಾಲ್ಲೂಕಿನ ಶಿಕ್ಷಕರು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಮ್ಮ ತರಗತಿಗೆ ಹೊಂದುವುದನ್ನು ಗುಂಪಾಗಿ ಕೂತು ಅವರೇ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹರಡುವಾಗ ಮತ್ತೆ ಅದೇ ಏಣಿ ಹತ್ತಿತೆಂಬುದು ಬೇರೆ ಕಥೆ.

ಚಾಮರಾಜನಗರದಲ್ಲಿಯೇ ಜಿ. ಎಸ್. ಜಯದೇವ ಅವರು ಕಟ್ಟಿದ ದೀನಬಂಧು ಸಂಸ್ಥೆ, ಮಕ್ಕಳ ಮನೆ ಮತ್ತು ಶಾಲೆಯ ಜೊತೆಗೆ ಸರ್ಕಾರಿ ಶಾಲೆಗಳ ಶಿಕ್ಷಕರ ತರಬೇತಿಯಲ್ಲೂ ಕೈಹಾಕಿದೆ. ಪ್ರೌಢಶಾಲಾ ಮಟ್ಟದಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ 2009ರಲ್ಲಿ ಆರಂಭವಾಗಿ, ಅದರಡಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರನ್ನು ವಿಷಯವಾರು ಕೂಡಿಸುವ ಕೆಲಸ 2011ರ ಹೊತ್ತಿಗೆ ಜಿಲ್ಲೆಗಳಲ್ಲಿ ನಡೆಯಿತು. ಜಿಯೋಜೀಬ್ರಾ ತಂತ್ರಾಂಶ ಬಹಳಷ್ಟು ಗಣಿತ ಶಿಕ್ಷಕರ ಕೈಗೆ ಸಿಕ್ಕಿದ್ದು ಆಗ. ನಂತರದ 'ಗುರುಚೇತನ' ಕಾರ್ಯಕ್ರಮ ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳಬಹುದೆಂಬ ಆಲೋಚನೆ ತಂದಿತು.

ಒಂದೂ ಮುಕ್ಕಾಲು, ಅರ್ಧ

ಈ ಕ್ರಮ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು: 1¾ ÷ ½. ಭಾಗಿಸುವ ಸಂಖ್ಯೆಯನ್ನು ತಲೆಕೆಳಗು ಮಾಡಿ ಗುಣಿಸು ಎಂಬ ನಿಯಮ ಎಲ್ಲ ಶಿಕ್ಷಕರಿಗೂ ಬಾಯಿಗೆ ಬರುತ್ತದೆ. 7/4 ಗುಣಿಸು 2, ಉತ್ತರ ಮೂರೂವರೆ. ಈಗ ಇದಕ್ಕೆ ಹೊಂದುವ ಒಂದು ಕಥೆ ಹೇಳಿ ಎಂದರೆ ಕೋಣೆ ನಿಧಾನವಾಗುತ್ತದೆ. ಹೆಚ್ಚಿನವರು ಮೊದಲು ಬರೆಯುವುದು ಒಂದೂ ಮುಕ್ಕಾಲು ಲೀಟರ್ ಹಾಲನ್ನು ಇಬ್ಬರಿಗೆ ಸಮವಾಗಿ ಹಂಚುವ ಕಥೆ. ಹಲಗೆಗೆ ಬಂದಾಗ ಯಾರಾದರೊಬ್ಬರು ಕೇಳುತ್ತಾರೆ, "ಅದು ಎರಡರಿಂದ ಭಾಗಿಸಿದ ಹಾಗಾಯಿತಲ್ಲ ಸರ್, ಅರ್ಧದಿಂದ ಎಲ್ಲಿ ಭಾಗಿಸಿದಿರಿ?" ಕಥೆ ತಿದ್ದಿಕೊಳ್ಳುತ್ತದೆ: ಒಂದೂ ಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರ್ ಹಿಡಿಯುವ ಬಾಟಲಿಗಳಿವೆ, ಎಷ್ಟು ಬಾಟಲಿ ತುಂಬುತ್ತವೆ? ಮೂರು ತುಂಬಿ ಕಾಲು ಲೀಟರ್ ಉಳಿಯಿತು. ಹಾಗಾದರೆ ಉತ್ತರ ಮೂರೂಕಾಲೋ ಮೂರೂವರೆಯೋ?

ನಿಜವಾದ ಕಲಿಕೆ ಶುರುವಾಗುವುದು ಇಲ್ಲಿ. ನಿಯಮ ಮೂರೂವರೆ ಎನ್ನುತ್ತದೆ, ಪಾತ್ರೆಯಲ್ಲಿ ಕಣ್ಣಿಗೆ ಕಾಣುವುದು ಕಾಲು. ಉಳಿದದ್ದು ಕಾಲು ಲೀಟರೇ ಸರಿ, ಆದರೆ ಕೇಳಿದ್ದು ಬಾಟಲಿಯ ಲೆಕ್ಕ, ಕಾಲು ಲೀಟರ್ ಅಂದರೆ ಅರ್ಧ ಬಾಟಲಿ ಎಂದು ಒಬ್ಬರು ಹೇಳುವ ತನಕ ವಾದ ನಿಲ್ಲುವುದಿಲ್ಲ. ಏಳನೆಯ ತರಗತಿಯ ಮಗು ಎಡವುವುದೂ ಇದೇ ಜಾಗದಲ್ಲಿ. ನಿಯಮ ಬರೆದು ಮುಂದಿನ ಲೆಕ್ಕಕ್ಕೆ ಹೋಗುವ ಶಿಕ್ಷಕರಿಗೆ ಆ ಜಾಗ ಕಾಣುವುದಿಲ್ಲ. ಜೊತೆಯವರ ಎದುರು ವಾದಿಸಿ ಬಂದವರಿಗೆ ಕಾಣುತ್ತದೆ.

ಈ ಲೆಕ್ಕಕ್ಕೆ ಜಗತ್ಪ್ರಸಿದ್ಧಿ ತಂದದ್ದು ಲಿಪಿಂಗ್ ಮಾ ಎಂಬಾಕೆ 1999ರಲ್ಲಿ ಪ್ರಕಟಿಸಿದ ಅಧ್ಯಯನ. ಆಕೆ ಮಾತಾಡಿಸಿದ 23 ಅಮೆರಿಕನ್ ಶಿಕ್ಷಕರಲ್ಲಿ ಲೆಕ್ಕವನ್ನು ಸರಿಯಾಗಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ, ಅದಕ್ಕೆ ಹೊಂದುವ ಕಥೆ ಕಟ್ಟಿದವರು ಇಲ್ಲವೆನ್ನುವಷ್ಟು ವಿರಳ. 72 ಚೀನೀ ಶಿಕ್ಷಕರೆಲ್ಲರೂ ಲೆಕ್ಕ ಸರಿ ಮಾಡಿದರು, ಬಹುಪಾಲು ಜನ ಕಥೆಯನ್ನೂ ಕಟ್ಟಿದರು. ಚೀನಾದ ಶಿಕ್ಷಕರು ಶಾಲೆಯಲ್ಲಿ ಓದಿದ ವರ್ಷಗಳು ಅಮೆರಿಕದವರಿಗಿಂತ ಕಡಿಮೆ. ಅವರಿಗಿದ್ದ ಅನುಕೂಲಗಳಲ್ಲಿ ಒಂದು, ಒಂದೇ ವಿಷಯದ ಶಿಕ್ಷಕರು ಒಟ್ಟಿಗೆ ಕೂತು ಪಠ್ಯಪುಸ್ತಕದ ಲೆಕ್ಕಗಳನ್ನು ಬಿಡಿಸಿ ಚರ್ಚಿಸುವ ರೂಢಿ. ಪದವಿಯಿಂದ ಬಾರದ ತಿಳಿವು ಪಕ್ಕದ ಕುರ್ಚಿಯವರಿಂದ ಬಂದಿತ್ತು.

ಕಾಡಂಚಿನ ಬೇಲಿ

ಪ್ರೌಢಶಾಲೆಯ ಶಿಕ್ಷಕರಿಗೆ ಇನ್ನೂ ಗಟ್ಟಿ ಲೆಕ್ಕ ಬೇಕು. ಗುಂಡ್ಲುಪೇಟೆಯಂಥ ಕಡೆ ಅದನ್ನು ದೂರದಿಂದ ತರಬೇಕಿಲ್ಲ. ಅರಿಶಿನ, ಬಾಳೆ, ಚೆಂಡು ಹೂ, ಸೂರ್ಯಕಾಂತಿ ಬೆಳೆಯುವ ಸೀಮೆ. ಕಾಡಂಚಿನ ಹೊಲಕ್ಕೆ ಹಂದಿ, ಆನೆಯ ಕಾಟ. ಬೇಲಿ ಇಲ್ಲದೆ ಬೆಳೆ ಇಲ್ಲ. ಒಬ್ಬ ರೈತನ ಹತ್ತಿರ 120 ಮೀಟರ್ ಬೇಲಿಗೆ ಸಾಲುವಷ್ಟು ತಂತಿ ಇದೆ. ಹೊಲದ ಒಂದು ಮಗ್ಗುಲಿಗೆ ಉದ್ದನೆಯ ಕಲ್ಲುಗೋಡೆ, ಆ ಕಡೆ ಬೇಲಿ ಬೇಡ. ಉಳಿದ ಮೂರು ಬದಿಗೆ ತಂತಿ ಹಾಕಿ ಆಯತಾಕಾರದಲ್ಲಿ ಅತಿ ಹೆಚ್ಚು ಜಾಗ ಒಳಗೆ ಹಾಕಿಕೊಳ್ಳಬೇಕಾದರೆ ಉದ್ದ ಅಗಲ ಎಷ್ಟಿರಬೇಕು?

ಗಣಿತದವರಲ್ಲಿ ಬಹಳ ಮಂದಿ ತಟ್ಟನೆ ಹೇಳುವ ಉತ್ತರ ಚೌಕ. ನಾಲ್ಕೂ ಬದಿಗೆ ಬೇಲಿ ಹಾಕುವುದಾದರೆ 30ಕ್ಕೆ 30ರ ಚೌಕವೇ ಸರಿ, 900 ಚದರ ಮೀಟರ್. ಅದೇ ನಂಬಿಕೆಯಲ್ಲಿ ಇಲ್ಲಿ ಮೂರು ಬದಿಗೆ 40, 40, 40 ಎಂದು ಹಂಚಿ 1600 ಎನ್ನುತ್ತಾರೆ. ಪ್ರಾಥಮಿಕ ಶಾಲೆಯಿಂದ ಬಂದ ಶಿಕ್ಷಕರೊಬ್ಬರು ಸೂತ್ರದ ಗೋಜಿಗೆ ಹೋಗದೆ ಪಟ್ಟಿ ಮಾಡಿದರೆನ್ನಿ. ಅಗಲ 10 ಇಟ್ಟರೆ ಉದ್ದ 100, ಜಾಗ 1000, 20 ಇಟ್ಟರೆ 1600, 25ಕ್ಕೆ 1750, 30ಕ್ಕೆ 1800, 35ಕ್ಕೆ ಮತ್ತೆ 1750, 40ಕ್ಕೆ 1600. ಚೌಕ ಸೋತಿತು. ಪಟ್ಟಿ 30ರ ಎರಡೂ ಕಡೆಗೆ ಒಂದೇ ಸಮ ಇಳಿಯುವುದನ್ನು ಇನ್ನೊಬ್ಬರು ತೋರಿಸುತ್ತಾರೆ. ಬೀಜಗಣಿತ ಬಲ್ಲವರು ಅಗಲವನ್ನು x ಎಂದಿಟ್ಟು, ಜಾಗ 120x − 2x² ಎಂದು ಬರೆದು, ಅದನ್ನು 1800 − 2(x − 30)² ಎಂದು ಮಾರ್ಪಡಿಸುತ್ತಾರೆ. ಕಳೆಯುವ ಭಾಗ ಎಂದೂ ಋಣವಾಗದು, ಆದ್ದರಿಂದ 1800ನ್ನು ದಾಟಲಾಗದು. ಪಟ್ಟಿ ಸೂಚಿಸಿದ್ದಕ್ಕೆ ಈಗ ಸಾಧನೆ ಸಿಕ್ಕಿತು. ಪಿ.ಯು.ಸಿ. ನೆನಪಿದ್ದವರು ಅವಕಲನ ಹಾಕಿ ಎರಡೇ ಸಾಲಿನಲ್ಲಿ ಮುಗಿಸುತ್ತಾರೆ.

ಇವೆಲ್ಲಕ್ಕಿಂತ ಸೊಗಸಾದದ್ದು ಇನ್ನೊಂದು ದಾರಿ, ಗೋಡೆಯನ್ನು ಕನ್ನಡಿಯೆಂದು ಭಾವಿಸುವುದು. ಗೋಡೆಯ ಆಚೆಗೂ ಇಂಥದೇ ಹೊಲ, ಅಷ್ಟೇ ಬೇಲಿ ಎಂದು ಊಹಿಸಿಕೊಳ್ಳಿ. ಗೋಡೆ ಮರೆತರೆ ಒಟ್ಟು 240 ಮೀಟರ್ ಬೇಲಿಯ ಒಂದು ಆಯತ. ಅದರಲ್ಲಿ ದೊಡ್ಡದು 60ರ ಚೌಕ, 3600 ಚದರ ಮೀಟರ್. ಗೋಡೆಯಿಂದ ಅದನ್ನು ಅರ್ಧಕ್ಕೆ ಸೀಳಿದರೆ 60ಕ್ಕೆ 30, ಜಾಗ 1800. ಸಮೀಕರಣವಿಲ್ಲ, ಪಟ್ಟಿಯಿಲ್ಲ. ಚೌಕ ಎಂದು ಮೊದಲು ಹೇಳಿದವರ ಮಾತಿನಲ್ಲೂ ಒಂದು ಸತ್ಯವಿತ್ತು, ನೋಡಿದ ಚೌಕ ಮಾತ್ರ ಬೇರೆ ಎಂಬುದು ಆಗ ಹೊಳೆಯುತ್ತದೆ. ತಪ್ಪು ಹೇಳಿದವರ ಮುಖ ಉಳಿಸುವುದೂ ಶಿಕ್ಷಕರ ಕೂಟದಲ್ಲಿ ಸಣ್ಣ ವಿಷಯವಲ್ಲ.

ಐದು ಉತ್ತರಗಳೂ ಹಲಗೆಯ ಮೇಲೆ ಒಟ್ಟಿಗೆ ಇರಬೇಕು. ಒಂದನ್ನು ಒರೆಸಿ ಇನ್ನೊಂದನ್ನು ಬರೆದರೆ ಪಟ್ಟಿಗೂ ಸಮೀಕರಣಕ್ಕೂ ಇರುವ ನಂಟು ಯಾರಿಗೂ ಕಾಣದು. ಜಪಾನಿನ ಶಿಕ್ಷಕರು ಒಬ್ಬರ ಪಾಠವನ್ನು ಎಲ್ಲರೂ ಕೂತು ನೋಡಿ ತಿದ್ದುವ ತಮ್ಮ ಪಾಠ ಅಧ್ಯಯನದಲ್ಲಿ ಹಲಗೆಯ ಯಾವ ಮೂಲೆಗೆ ಯಾವುದು ಬರಬೇಕೆಂದು ಮೊದಲೇ ಯೋಚಿಸಿಡುತ್ತಾರೆ. ನಮ್ಮ ಬಿ.ಆರ್.ಸಿ. ಕೋಣೆಗಳಲ್ಲಿ ಹಲಗೆ ಚಿಕ್ಕದಾಗಿದ್ದರೆ ಚಾರ್ಟ್ ಹಾಳೆ ಗೋಡೆಗೆ ಅಂಟಿಸಿದರೂ ಆದೀತು.

ಅಳತೆಯ ವಿಚಾರದಲ್ಲಿ ಊರಿನ ಜ್ಞಾನವನ್ನೂ ಒಳಗೆ ತರಬಹುದು. ಗುಂಟೆ ಅಂದರೆ 33 ಅಡಿ ಚೌಕ, 1089 ಚದರ ಅಡಿ. ನಲವತ್ತು ಗುಂಟೆಗೆ ಎಕರೆ, ಅಂದರೆ 43,560 ಚದರ ಅಡಿ. 66 ಅಡಿ ಚೌಕದ ಹೊಲ ಎಷ್ಟು ಗುಂಟೆ ಎಂದು ಕೇಳಿದರೆ ಎರಡು ಎಂಬ ಉತ್ತರ ಶಿಕ್ಷಕರ ಬಾಯಲ್ಲೂ ಒಮ್ಮೊಮ್ಮೆ ಬರುತ್ತದೆ. ನಾಲ್ಕು ಎಂದು ರೈತರ ಮಗ ಕಾಗದವಿಲ್ಲದೆ ಹೇಳಿಯಾನು.

ನಟನೆಯ ತೊಡಕು

ಡಿ.ಇಎಲ್.ಇಡಿ. ಮತ್ತು ಬಿ.ಇಡಿ. ಕಾಲೇಜುಗಳಲ್ಲಿ ಸಹಪಾಠಿಗಳಿಗೆ ಪಾಠ ಮಾಡುವ ಅಭ್ಯಾಸ ಬಹಳ ಹಿಂದಿನಿಂದ ಇದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಸೂಕ್ಷ್ಮಬೋಧನೆ ನಮ್ಮ ಪಠ್ಯಕ್ರಮಕ್ಕೂ ಬಂದು ನೆಲೆಯೂರಿತು. ಐದಾರು ನಿಮಿಷದ ಪಾಠ, ಒಂದೇ ಕೌಶಲ, ಕೆಳಗೆ ಮಕ್ಕಳಂತೆ ಕೂತ ಪ್ರಶಿಕ್ಷಣಾರ್ಥಿಗಳು, ಕೊನೆಗೆ ಅಂಕ ಹಾಕುವ ನಮೂನೆ. ಪ್ರಶ್ನೆ ಕೇಳುವುದು, ಹಲಗೆಯ ಬರಹ, ದನಿಯ ಏರಿಳಿತ ಇವನ್ನೆಲ್ಲ ಪಳಗಿಸಲು ಇದು ಉಪಯುಕ್ತ. ಆದರೆ ಕೆಳಗೆ ಕೂತವರು ನಟಿಸುತ್ತಿದ್ದಾರೆ. ಭಿನ್ನರಾಶಿ ಗೊತ್ತಿಲ್ಲದವರಂತೆ ಕೂತು, ನಿರೀಕ್ಷಿತ ಉತ್ತರವನ್ನು ನಿರೀಕ್ಷಿತ ಹೊತ್ತಿಗೆ ಕೊಟ್ಟು ಗೆಳತಿಗೆ ಅಂಕ ಬರುವಂತೆ ನೋಡಿಕೊಳ್ಳುತ್ತಾರೆ. ನಿಜವಾದ ಗೊಂದಲ ಅಲ್ಲಿ ಹುಟ್ಟುವುದಿಲ್ಲ.

ಬೇಲಿಯ ಲೆಕ್ಕದಂಥದನ್ನು ಇಟ್ಟಾಗ ನಟಿಸುವ ಅಗತ್ಯವೇ ಬರುವುದಿಲ್ಲ. ಶಿಕ್ಷಕರಿಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದಾಗ ತಾನೇನು ಮಾಡುತ್ತೇನೆ, ಎಲ್ಲಿ ಕೈಬಿಡುತ್ತೇನೆ, ಪಕ್ಕದವರ ಯಾವ ಮಾತು ಮತ್ತೆ ಎಬ್ಬಿಸಿತು ಎಂಬುದನ್ನು ಅವರು ಅನುಭವಿಸುತ್ತಾರೆ. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯಾ 1945ರ ತನ್ನ ಹೆಸರಾಂತ ಪುಸ್ತಕದಲ್ಲಿ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು, ಯೋಜನೆ ಹೂಡುವುದು, ನಡೆಸುವುದು, ಹಿಂತಿರುಗಿ ನೋಡುವುದು ಎಂಬ ನಾಲ್ಕು ಹಂತ ಹೇಳಿದ. ನಮ್ಮ ಬೋಧನಾಶಾಸ್ತ್ರದ ನೋಟ್ಸುಗಳಲ್ಲಿ ಈ ನಾಲ್ಕನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆಯುವವರಿದ್ದಾರೆ, ಒಂದೂ ಲೆಕ್ಕ ಬಿಡಿಸದೆ. ಇದಕ್ಕಿಂತ ದೊಡ್ಡ ಅಪಹಾಸ್ಯ ಪೋಲ್ಯಾನಿಗೆ ಆಗಲಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಗಣಿತ ವಿಭಾಗದ ದಸ್ತಾವೇಜು, ಆರ್. ರಾಮಾನುಜಂ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದದ್ದು, ಮಗುವಿನ ಯೋಚನೆಯೇ ಗಣಿತಮಯವಾಗುವುದನ್ನು ಗುರಿಯಾಗಿಟ್ಟಿತು. ಗಣಿತದ ಭಯವನ್ನೂ, ಶಿಕ್ಷಕರ ಸಿದ್ಧತೆಯ ಕೊರತೆಯನ್ನೂ ನೇರವಾಗಿ ಹೆಸರಿಸಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾದಾಗಿನಿಂದ ವಿಷಯ ಮತ್ತು ಬೋಧನೆಯನ್ನು ಬೆಸೆದು ಕಲಿಸುವ ನಾಲ್ಕು ವರ್ಷದ ಪದವಿಗೆ ಹೆಸರಾಗಿದೆ. ಉಳಿದ ಹೆಚ್ಚಿನ ಕಾಲೇಜುಗಳಲ್ಲಿ ಗಣಿತ ಒಂದು ಕಡೆ, ಗಣಿತ ಬೋಧನೆ ಇನ್ನೊಂದು ಕಡೆ.

ಎಡರುಗಳು

ಸಹಬೋಧನೆಯಲ್ಲಿ ತಪ್ಪು ಉತ್ತರವೂ ಸರಾಗವಾಗಿ ಹರಡಬಹುದು. ಗಟ್ಟಿ ದನಿಯವರು, ಹಿರಿಯರು, ಎಸ್.ಎಸ್.ಎಲ್.ಸಿ. ಮೌಲ್ಯಮಾಪನದಲ್ಲಿ ಮುಖ್ಯ ಹೊಣೆ ಹೊತ್ತವರು ಹೇಳಿದ್ದನ್ನು ಕಿರಿಯರು ಅಲ್ಲಗಳೆಯುವುದು ಕಷ್ಟ. ಹಿಂದಿನ ಸಾಲಿನಲ್ಲಿ ಕೂತ ಶಿಕ್ಷಕಿಯ ವಹಿಯಲ್ಲಿ ಕನ್ನಡಿಯ ದಾರಿ ಬರೆದಿದ್ದರೂ ಅದು ಹಲಗೆಗೆ ಬರದೆ ಹೋಗಬಹುದು. ಆದ್ದರಿಂದ ಸಂಪನ್ಮೂಲ ವ್ಯಕ್ತಿಯ ಕೆಲಸ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ. ಗುಂಪುಗಳ ನಡುವೆ ಓಡಾಡಿ ಯಾರ ಹತ್ತಿರ ಏನಿದೆ ಎಂದು ನೋಡಿಕೊಂಡು, ಪಟ್ಟಿಯವರನ್ನು ಮೊದಲು, ಅವಕಲನದವರನ್ನು ಕೊನೆಗೆ ಕರೆಯಬೇಕು. ಅವಕಲನ ಮೊದಲು ಬಂದರೆ ಉಳಿದವರು ಪೆನ್ನು ಮುಚ್ಚಿಬಿಡುತ್ತಾರೆ.

ಲೆಕ್ಕ ಆರಿಸುವುದು ಎಲ್ಲಕ್ಕಿಂತ ಕಠಿಣ. ತೀರ ಸುಲಭವಾದರೆ ನಟನೆ ಮರಳುತ್ತದೆ. ತೀರ ಕಷ್ಟವಾದರೆ ಇಬ್ಬರು ಬಿಡಿಸಿ ಇಪ್ಪತ್ತು ಜನ ನೋಡುತ್ತಾರೆ. ಹಲವು ಹಂತಗಳಿಂದ ಒಳಗೆ ಬರಲು ಬಾಗಿಲಿರುವ ಲೆಕ್ಕ ಬೇಕು. ಅಂಥವನ್ನು ಬೆಂಗಳೂರಿನ ಮಾಡ್ಯೂಲ್ ಎಲ್ಲ ಜಿಲ್ಲೆಗೂ ಒಂದೇ ಅಳತೆಯಲ್ಲಿ ಕೊಡಲಾರದು. ಹಾಗಾಗಿ ತಾಲ್ಲೂಕು ಮಟ್ಟದಲ್ಲಿ ಬಳಸಿ ನೋಡಿದ ಲೆಕ್ಕಗಳನ್ನು, ಅವಕ್ಕೆ ಶಿಕ್ಷಕರು ಕೊಟ್ಟ ಸರಿ ತಪ್ಪು ಉತ್ತರಗಳ ಸಮೇತ, ಬಿ.ಆರ್.ಸಿ.ಯಲ್ಲಿ ಒಂದು ವಹಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ವರ್ಷದ ತರಬೇತಿಗೆ ಅದಕ್ಕಿಂತ ಉತ್ತಮ ಸಾಮಗ್ರಿ ಬೇರೆ ಸಿಗದು.

ಸಮಯದ ಅಡಚಣೆಯೂ ಉಂಟು. ಬೇಲಿಯ ಒಂದು ಲೆಕ್ಕಕ್ಕೆ ಅರ್ಧ ದಿನ ಹಿಡಿದರೆ ಪಾಠಗಳನ್ನು ಮುಗಿಸುವುದು ಯಾವಾಗ ಎಂಬ ಆಕ್ಷೇಪ ನ್ಯಾಯವಾದದ್ದೇ. ಶಾಲೆಯಲ್ಲಿ ಪಿರಿಯಡ್ ಇರುವುದು ಮುಕ್ಕಾಲು ಗಂಟೆಯೊಳಗೆ, ಕೊನೆಗೆ ನೋಡುವುದು ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು. ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಮುಂಚೆ ಒಂದು ಗಂಟೆ ಒಂದೇ ಲೆಕ್ಕಕ್ಕೆ ಮೀಸಲಿಟ್ಟರೆ ಈ ಹೊರೆ ಇಳಿಯುತ್ತದೆ, ಖರ್ಚೂ ಇಲ್ಲ. ಇಂಥ ಕೂಟ ಜಿಲ್ಲೆಯೊಳಗೇ ನಿಲ್ಲಬೇಕಿಲ್ಲ. ಚಾಮರಾಜನಗರದ ಗಡಿಯಾಚೆ ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯಲ್ಲೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಪಠ್ಯಕ್ರಮ ಬೇರೆ ರಾಜ್ಯದ್ದಾದರೂ ಲೆಕ್ಕಕ್ಕೆ ಗಡಿಯಿಲ್ಲ. ಅಲ್ಲಿಯ ಕನ್ನಡ ಶಿಕ್ಷಕರನ್ನೂ ಇಂಥ ಕೂಟಕ್ಕೆ ಕರೆದುಕೊಳ್ಳಲು ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಗಳ ಅನುಮತಿ ಬೇಕಾದೀತು, ಅಷ್ಟೆ.